ಬಿಡಿಭಾಗದ ಕಾರ್ಖಾನೆ ಬೆಳೆದರೆ ಕೆಲಸ ಎಲ್ಲಿ ಹುಟ್ಟುತ್ತದೆ?

ವರ್ಷದಲ್ಲಿ ಒಂದೆರಡು ಸಲವಾದರೂ ನಮ್ಮ ವೃತ್ತಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ದಪ್ಪ ಅಕ್ಷರಗಳಲ್ಲಿ ಬರುತ್ತದೆ. ಇಂಥ ಮೋಟಾರು ಕಂಪನಿಯೋ, ಅದಕ್ಕೆ ಬಿಡಿಭಾಗಗಳನ್ನು ಒದಗಿಸುವ ಇಂಥ ಸಂಸ್ಥೆಯೋ ನಮ್ಮ ರಾಜ್ಯದಲ್ಲಿ ಇಷ್ಟು ಸಾವಿರ ಕೋಟಿ ರೂಪಾಯಿಗಳನ್ನು ಹೂಡಲಿದೆ, ಅದರಿಂದ ಇಷ್ಟು ಸಾವಿರ ಮಂದಿಗೆ ಉದ್ಯೋಗ ಲಭಿಸಲಿದೆ ಎಂಬುದು ಆ ಸುದ್ದಿಯ ಸಾರಾಂಶ. ಅಂಥ ದಿನ ನಮ್ಮ ಕಾಲೇಜಿನ ವಾಚನಾಲಯದಲ್ಲಿ ಆ ಪುಟವು ಸಾಯಂಕಾಲದ ಹೊತ್ತಿಗೆ ಮುದುಡಿ ಹೋಗಿರುತ್ತದೆ. ಅಂತಿಮ ಬಿ.ಎ. ತರಗತಿಯಲ್ಲಿರುವ ನಮ್ಮಂಥವರಿಗೆ ಅದರಲ್ಲಿ ಆಸಕ್ತಿ ಹುಟ್ಟುವುದು ಸಹಜವೇ. ಆದರೆ ಹೂಡಿದ ಹಣವು ಕೆಲಸವಾಗಿ ಮಾರ್ಪಡುವುದು ಹೇಗೆ, ಆ ಕೆಲಸ ಎಲ್ಲಿ, ಯಾರಿಗೆ, ಎಷ್ಟು ಕಾಲಕ್ಕೆ ದೊರೆಯುತ್ತದೆ ಎಂಬುದನ್ನು ಆ ಸುದ್ದಿ ಹೇಳುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿನಿಯಾಗಿ ನಾನು ಈ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡಿದ್ದೇನೆ. ನಮ್ಮ ಅಣ್ಣ ಇದೇ ಕಸುಬಿನಲ್ಲಿರುವುದರಿಂದ ಪಠ್ಯಪುಸ್ತಕದಲ್ಲಿ ಸಿಗದ ಕೆಲವು ಸಂಗತಿಗಳೂ ನನಗೆ ತಿಳಿದಿವೆ. ಅವೆರಡನ್ನೂ ಸೇರಿಸಿ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಬಿಡಿಭಾಗವೆಂದರೇನೆಂಬುದನ್ನು ನೋಡೋಣ. ಒಂದು ಕಾರಿನಲ್ಲಿ ಸಣ್ಣ ತಿರುಪುಮೊಳೆಯನ್ನೂ ಬಿಡದೆ ಎಣಿಸಿದರೆ ಸುಮಾರು ೩೦,೦೦೦ ಭಾಗಗಳಿರುತ್ತವೆಂದು ಹೇಳುತ್ತಾರೆ. ಕಾರಿನ ಮೇಲೆ ಹೆಸರು ಕೆತ್ತಿಸಿಕೊಳ್ಳುವ ಕಂಪನಿ ಇವೆಲ್ಲವನ್ನೂ ತಾನೇ ತಯಾರಿಸುವುದಿಲ್ಲ. ಹೊರಮೈ, ಎಂಜಿನ್ನು ಮುಂತಾದ ಕೆಲವನ್ನು ತಾನು ಮಾಡಿಕೊಂಡು ಮಿಕ್ಕವುಗಳಲ್ಲಿ ಹೆಚ್ಚಿನ ಪಾಲನ್ನು ಬೇರೆಯವರಿಂದ ಕೊಳ್ಳುತ್ತದೆ. ಹೀಗೆ ಮಾರುವ ದೊಡ್ಡ ಸಂಸ್ಥೆಯೂ ತನಗೆ ಬೇಕಾದ ಬುಷ್, ವಾಷರು, ಸ್ಪ್ರಿಂಗು, ರಬ್ಬರು ಬಳೆಗಳನ್ನು ಮತ್ತೂ ಚಿಕ್ಕವರಿಂದ ಕೊಳ್ಳುತ್ತದೆ. ಆ ಚಿಕ್ಕವನು ಗ್ರೈಂಡಿಂಗ್ ಕೆಲಸವನ್ನೋ, ತುಕ್ಕು ಹಿಡಿಯದಂತೆ ಲೇಪ ಕೊಡುವ ಕೆಲಸವನ್ನೋ ಪಕ್ಕದ ಬೀದಿಯ ಇನ್ನೊಬ್ಬನಿಗೆ ಜಾಬ್ ವರ್ಕ್ ಎಂದು ಕೊಡುತ್ತಾನೆ. ನಮ್ಮ ಜಾತ್ರೆಯ ತೇರನ್ನು ಜನ ನೋಡುವಾಗ ಕಣ್ಣು ಕಳಸದ ಮೇಲಿರುತ್ತದೆ. ಹಗ್ಗ ಹಿಡಿದವರೂ, ಗಾಲಿಗೆ ಅಡ್ಡಮರ ಕೊಡುವವರೂ ಕಾಣುವುದಿಲ್ಲ. ಮೋಟಾರು ಉದ್ಯಮದಲ್ಲಿ ಹಗ್ಗ ಹಿಡಿದವರೇ ಬಿಡಿಭಾಗದ ಕೆಲಸಗಾರರು.

ಈ ಉದ್ಯಮ ನಮ್ಮ ನಾಡಿಗೆ ಬಂದ ಕಥೆ ತಿಳಿಯಬೇಕಾದದ್ದು. ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ೧೯೩೦ರ ದಶಕದಲ್ಲಿ ಪಟ್ಟ ಪ್ರಯತ್ನ ಪ್ರಸಿದ್ಧವಾದುದು. ದಿವಾನಗಿರಿ ಬಿಟ್ಟು ಎಷ್ಟೋ ವರ್ಷಗಳಾದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳಿಗೆ ಹೋಗಿ ಅಲ್ಲಿನ ಕಾರ್ಖಾನೆಗಳನ್ನು ನೋಡಿ ಬಂದರು. ವಾಲ್‌ಚಂದ್ ಹೀರಾಚಂದರು ಅದೇ ಕನಸನ್ನು ಮೈಸೂರು ಸಂಸ್ಥಾನದಲ್ಲಿ ನೆರವೇರಿಸಲು ಯತ್ನಿಸಿದರು. ಬ್ರಿಟಿಷ್ ಸರ್ಕಾರದ ಒಪ್ಪಿಗೆ ದೊರೆಯಲಿಲ್ಲ. ಕಾರಿನ ಬದಲು ನಮಗೆ ದೊರೆತದ್ದು ವಿಮಾನ. ೧೯೪೦ರ ಡಿಸೆಂಬರಿನಲ್ಲಿ ಹಿಂದುಸ್ತಾನ್ ವಿಮಾನ ಕಾರ್ಖಾನೆ ಬೆಂಗಳೂರಿನಲ್ಲಿ ಸ್ಥಾಪಿತವಾಯಿತು. ಮುಂದೆ ೧೯೪೮ರಲ್ಲಿ ಟೆಲಿಫೋನ್ ಕಾರ್ಖಾನೆಯೂ, ೧೯೫೩ರಲ್ಲಿ ಎಚ್.ಎಂ.ಟಿ.ಯೂ ಬಂದವು. ಪರಿಣಾಮವಾಗಿ ಲೇತು ಹಿಡಿಯಬಲ್ಲ, ನಕ್ಷೆ ಓದಬಲ್ಲ, ಗೇಜಿನಿಂದ ಅಳೆಯಬಲ್ಲ ಕೈಗಳು ಬೆಂಗಳೂರಿನಲ್ಲಿ ಸಾವಿರಗಟ್ಟಲೆ ತಯಾರಾದವು. ಕೆಲಸವು ಕೆಲಸಗಾರರಿರುವ ಕಡೆಗೆ ಬರುತ್ತದೆ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಅದೇ ಕಾಲದಲ್ಲಿ ದೆಹಲಿಯಲ್ಲಿಯೂ ಒಂದು ನಿರ್ಧಾರವಾಯಿತು. ಅದುವರೆಗೆ ವಿದೇಶಿ ಕಂಪನಿಗಳು ಕಾರಿನ ಭಾಗಗಳನ್ನು ಪೆಟ್ಟಿಗೆಗಳಲ್ಲಿ ತರಿಸಿ ಇಲ್ಲಿ ಜೋಡಿಸಿ ಮಾರುತ್ತಿದ್ದವು. ೧೯೫೩ರಲ್ಲಿ ಸುಂಕ ಆಯೋಗದ ವರದಿಯ ಮೇಲೆ ಸರ್ಕಾರವು, ಭಾಗಗಳನ್ನು ಕ್ರಮವಾಗಿ ಇಲ್ಲಿಯೇ ತಯಾರಿಸುವವರಿಗೆ ಮಾತ್ರ ಅವಕಾಶವೆಂದು ತೀರ್ಮಾನಿಸಿತು. ಬೊಂಬಾಯಿಯಲ್ಲಿ ೧೯೨೮ರಿಂದ ಜೋಡಣೆ ನಡೆಸುತ್ತಿದ್ದ ಜನರಲ್ ಮೋಟಾರ್ಸ್ ಬಾಗಿಲು ಮುಚ್ಚಿ ಹೊರಟಿತು. ಆ ದಿನಗಳಲ್ಲಿ ಇದನ್ನು ಹಲವರು ಟೀಕಿಸಿದ್ದಿರಬಹುದು. ಆದರೆ ಬಿಡಿಭಾಗದ ಉದ್ಯಮ ಈ ದೇಶದಲ್ಲಿ ಬೇರೂರಿದ್ದು ಈ ನೀತಿಯಿಂದಲೇ ಎಂದು ನನ್ನ ಅಭಿಪ್ರಾಯ. ಜೋಡಣೆಯ ಕೆಲಸಕ್ಕೆ ಒಂದು ಕೊಟ್ಟಿಗೆಯೂ ಕೆಲವು ನೂರು ಜನರೂ ಸಾಕು. ಭಾಗ ತಯಾರಿಕೆಗೆ ಉಕ್ಕು ಬೇಕು, ಯಂತ್ರ ಬೇಕು, ಎಲ್ಲಕ್ಕೂ ಮಿಗಿಲಾಗಿ ತರಬೇತಿ ಹೊಂದಿದ ಜನ ಬೇಕು.

ಇಲ್ಲಿಂದ ಮುಂದೆ ಒಂದೇ ಸಂಸ್ಥೆಯನ್ನು ಹಿಡಿದು ಹೇಳಿದರೆ ವಿಷಯ ಸ್ಪಷ್ಟವಾದೀತು. ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿ ೧೮೮೬ರಲ್ಲಿ ರಾಬರ್ಟ್ ಬಾಷ್ ಎಂಬಾತ ಒಂದು ಚಿಕ್ಕ ಕಾರ್ಯಾಗಾರವನ್ನು ತೆರೆದ. ಎಂಜಿನ್ನಿನೊಳಗೆ ಕಿಡಿ ಹಾರಿಸುವ ಮ್ಯಾಗ್ನೆಟೋ ಮತ್ತು ಸ್ಪಾರ್ಕ್ ಪ್ಲಗ್ಗುಗಳಿಂದ ಆ ಕಾರ್ಯಾಗಾರ ಜಗತ್ಪ್ರಸಿದ್ಧವಾಯಿತು. ೧೯೨೭ರಲ್ಲಿ ಅದು ಡೀಸೆಲ್ ಪಂಪುಗಳನ್ನು ಸಂಖ್ಯೆಯಲ್ಲಿ ತಯಾರಿಸತೊಡಗಿತು. ಭಾರತದಲ್ಲಿ ೧೯೨೨ರಿಂದ ಕಲ್ಕತ್ತೆಯ ಮೂಲಕ ಅದರ ಮಾಲು ಮಾರಾಟವಾಗುತ್ತಿತ್ತು. ಇಲ್ಲಿಯೇ ತಯಾರಿಸಲೆಂದು ೧೯೫೧ರಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಹುಟ್ಟಿತು. ಅದರ ಕಾರ್ಖಾನೆ ಎದ್ದದ್ದು ಬೆಂಗಳೂರಿನ ಆಡುಗೋಡಿಯಲ್ಲಿ. ಜನರ ಬಾಯಲ್ಲಿ ಅದು ‘ಮೈಕೋ’ ಆಯಿತು. ೨೦೦೮ರಲ್ಲಿ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾದರೂ ಬೆಂಗಳೂರಿನ ಹಳಬರು ಈಗಲೂ ಮೈಕೋ ಎಂದೇ ಅನ್ನುತ್ತಾರೆ.

ಡೀಸೆಲ್ ಪಂಪಿನ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಏಕೆಂದರೆ ಕೆಲಸಕ್ಕೂ ಕೌಶಲಕ್ಕೂ ಇರುವ ಸಂಬಂಧ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ಗು ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಸಿಂಪಡಿಸುವ ಎಣ್ಣೆ ಪ್ರತಿಸಲವೂ ಒಂದೇ ಅಳತೆಯಲ್ಲಿರಬೇಕು, ತಕ್ಕ ಕ್ಷಣದಲ್ಲಿಯೇ ಬೀಳಬೇಕು, ಭಾರಿ ಒತ್ತಡದಲ್ಲಿ ಹೋಗಬೇಕು. ಇದನ್ನು ಮಾಡುವುದು ಪಂಪಿನೊಳಗೆ ಬೆರಳಿಗಿಂತ ಸಣ್ಣದಾದ ಒಂದು ಉಕ್ಕಿನ ಕಡ್ಡಿ ಮತ್ತು ಅದು ಓಡಾಡುವ ಒಂದು ಕೊಳವೆ. ಇವೆರಡರ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ನಮ್ಮ ತಲೆಗೂದಲಿನ ದಪ್ಪ ಇದರ ಇಪ್ಪತ್ತರಷ್ಟಾದರೂ ಇರುತ್ತದೆ. ಸಂದು ಹೆಚ್ಚಾದರೆ ಎಣ್ಣೆ ಸೋರುತ್ತದೆ, ಕಡಿಮೆಯಾದರೆ ಕಡ್ಡಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಒಂದೊಂದು ಕಡ್ಡಿಗೆ ಒಂದೊಂದು ಕೊಳವೆಯನ್ನು ಆರಿಸಿ ಜೋಡಿ ಮಾಡುತ್ತಾರೆ. ಒಂದು ಜೋಡಿಯ ಕಡ್ಡಿ ಇನ್ನೊಂದು ಜೋಡಿಯ ಕೊಳವೆಗೆ ಹೊಂದುವುದಿಲ್ಲ. ಗಂಡು ಹೆಣ್ಣಿನ ಜಾತಕ ಕೂಡಿಸುವುದು ಸುಲಭ, ಇದು ಕಷ್ಟ ಎಂದು ಅಣ್ಣ ನಗುತ್ತಾನೆ.

ಇಂಥ ಕೆಲಸಕ್ಕೆ ಬೀದಿಯಿಂದ ಕರೆತಂದು ಜನರನ್ನು ನಿಲ್ಲಿಸಲಾಗುವುದಿಲ್ಲ. ಆದುದರಿಂದಲೇ ಆಡುಗೋಡಿಯಲ್ಲಿ ೧೯೬೦ರ ಸುಮಾರಿಗೆ ಸಂಸ್ಥೆಯದೇ ಆದ ವೃತ್ತಿ ತರಬೇತಿ ಕೇಂದ್ರ ಆರಂಭವಾಯಿತು. ಎಸ್.ಎಸ್.ಎಲ್.ಸಿ. ಮುಗಿಸಿದ ಹುಡುಗರು ಅಲ್ಲಿ ಅರದಿಂದ ಕಬ್ಬಿಣದ ತುಂಡನ್ನು ತಿಂಗಳುಗಟ್ಟಲೆ ಉಜ್ಜಿ ಸಮತಲ ಮಾಡುವುದರಿಂದ ಕಲಿಕೆ ಪ್ರಾರಂಭಿಸುತ್ತಿದ್ದರು. ಭಾರತ ಸರ್ಕಾರದ ಅಪ್ರೆಂಟಿಸ್ ಕಾಯಿದೆ ಬಂದದ್ದೂ ೧೯೬೧ರಲ್ಲಿ. ಕಾರ್ಖಾನೆ ಬೆಳೆದಂತೆ ಅಲ್ಲಿನ ನೌಕರರು ಸಂಘ ಕಟ್ಟಿ ನಿವೇಶನ ಕೊಂಡರು, ಮನೆ ಕಟ್ಟಿದರು. ಬೆಂಗಳೂರಿನ ಬಡಾವಣೆಗಳಿಗೆ ಮೈಕೋ ಎಂಬ ಹೆಸರು ಅಂಟಿಕೊಂಡಿರುವುದು ಹೀಗೆ. ಒಂದು ಕಾರ್ಖಾನೆಯ ಕೂಲಿಯಿಂದ ಸ್ವಂತ ಮನೆ, ಮಕ್ಕಳಿಗೆ ಕಾಲೇಜು, ನಿವೃತ್ತಿಯ ಹಣ – ಇವು ದೊರೆತ ಒಂದು ತಲೆಮಾರು ಇತ್ತು. ನಮ್ಮ ಊರಿನ ಹಿರಿಯರು ‘ಕಾರ್ಖಾನೆ ಕೆಲಸ’ ಎಂದಾಗ ಅವರ ಮನಸ್ಸಿನಲ್ಲಿ ಇರುವುದು ಆ ಚಿತ್ರವೇ. ಪತ್ರಿಕೆಯಲ್ಲಿ ‘ಸಾವಿರಾರು ಉದ್ಯೋಗ’ ಎಂದು ಓದಿದಾಗ ಅವರು ಲೆಕ್ಕ ಹಾಕುವುದೂ ಅದೇ ಚಿತ್ರದಿಂದ. ಎಡವುವುದು ಇಲ್ಲಿಯೇ.

ಈಗಿನ ಲೆಕ್ಕವನ್ನು ನೋಡಿ. ಹಿಂದೆ ಒಂದು ಲೇತಿಗೆ ಒಬ್ಬ ಟರ್ನರು ಬೇಕಾಗಿತ್ತು. ಉತ್ಪಾದನೆ ಎರಡರಷ್ಟಾಗಬೇಕಾದರೆ ಲೇತುಗಳೂ ಟರ್ನರುಗಳೂ ಹೆಚ್ಚುಕಡಿಮೆ ಎರಡರಷ್ಟಾಗಬೇಕಾಗಿತ್ತು. ಈಗಿನದು ಸಿ.ಎನ್.ಸಿ. ಯಂತ್ರ; ಅದಕ್ಕೆ ಆದೇಶಗಳನ್ನು ಮೊದಲೇ ಬರೆದು ತುಂಬಿರುತ್ತಾರೆ. ಕೆಲಸಗಾರನು ತುಂಡನ್ನು ಇಟ್ಟು ಬಾಗಿಲು ಮುಚ್ಚಿ ಗುಂಡಿ ಒತ್ತುತ್ತಾನೆ, ಅದು ಕಡೆಯುತ್ತಿರುವಷ್ಟರಲ್ಲಿ ಪಕ್ಕದ ಯಂತ್ರಕ್ಕೆ ಹೋಗುತ್ತಾನೆ. ಒಬ್ಬನೇ ಎರಡು ಮೂರನ್ನು ನೋಡಿಕೊಳ್ಳಬಲ್ಲ. ತುಂಡು ಇಡುವುದಕ್ಕೂ ಯಂತ್ರದ ತೋಳು ಬಂದರೆ ಇನ್ನೂ ಹೆಚ್ಚು. ಹೀಗಾಗಿ ಕಾರ್ಖಾನೆ ಎರಡರಷ್ಟು ಬೆಳೆಯಿತೆಂದರೆ ಕೆಲಸವೂ ಎರಡರಷ್ಟಾಯಿತೆಂದು ಅರ್ಥವಲ್ಲ.

ಒಂದು ಉದಾಹರಣೆಯನ್ನು ಅಂಕಿಗಳಲ್ಲಿ ಕೊಡುತ್ತೇನೆ. ಬೆಂಗಳೂರು-ಮೈಸೂರು ರಸ್ತೆಯ ಬಿಡದಿಯಲ್ಲಿರುವ ಟೊಯೋಟ ಕಿರ್ಲೋಸ್ಕರ್ ಮೋಟಾರ್ ೨೦೨೩ರ ನವೆಂಬರಿನಲ್ಲಿ ತನ್ನ ಮೂರನೆಯ ಕಾರ್ಖಾನೆಗೆ ರಾಜ್ಯ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡಿತು. ಅಂದು ಪ್ರಕಟಿಸಿದ ಬಂಡವಾಳ ೩,೩೦೦ ಕೋಟಿ ರೂಪಾಯಿ. ಉದ್ಯೋಗ ಸುಮಾರು ೨,೦೦೦. ಭಾಗಿಸಿ ನೋಡಿದರೆ ಒಂದು ಉದ್ಯೋಗಕ್ಕೆ ೧ ಕೋಟಿ ೬೫ ಲಕ್ಷ ರೂಪಾಯಿ. ಇದು ಕಾರು ತಯಾರಿಸುವ ಕಂಪನಿಯ ಲೆಕ್ಕವೇ ಹೊರತು ಬಿಡಿಭಾಗದವರದಲ್ಲ. ಆದರೂ ದೊಡ್ಡ ಬಾಗಿಲಿನೊಳಗೆ ಒಬ್ಬನನ್ನು ನಿಲ್ಲಿಸಲು ಎಷ್ಟು ಬಂಡವಾಳ ತಗಲುತ್ತದೆಂಬ ಅಂದಾಜು ಇದರಿಂದ ಸಿಗುತ್ತದೆ. ಅದೇ ವರ್ಷ ಆ ಕಂಪನಿ ಇದ್ದ ಯಂತ್ರಗಳಲ್ಲಿಯೇ ಮೂರನೆಯ ಪಾಳಿಯನ್ನೂ ಆರಂಭಿಸಿತು. ಪಾಳಿ ಹೆಚ್ಚಿಸಲು ಹೊಸ ಕಟ್ಟಡ ಬೇಡ, ಹೆಚ್ಚು ಯಂತ್ರ ಬೇಡ, ಜನ ಬೇಕು. ಆದುದರಿಂದ ಉದ್ಯೋಗದ ದೃಷ್ಟಿಯಿಂದ ‘ಹೊಸ ಘಟಕದ ಶಂಕುಸ್ಥಾಪನೆ’ಗಿಂತ ‘ಇನ್ನೊಂದು ಪಾಳಿ’ ಎಂಬ ಸುದ್ದಿ ಹೆಚ್ಚು ತೂಕದ್ದಾಗಿರಬಹುದು. ಆದರೆ ಪಾಳಿಗೆ ಮೆರವಣಿಗೆಯಿಲ್ಲ, ರಿಬ್ಬನ್ನು ಕತ್ತರಿಸುವುದಿಲ್ಲ, ಪತ್ರಿಕೆಯಲ್ಲಿ ಅದು ಮೂಲೆಗೆ ಬೀಳುತ್ತದೆ.

ಪಾಳಿಯ ಮಾತು ಬಂದುದರಿಂದ ಒಂದು ಅಡ್ಡಮಾತು. ೧೯೪೮ರ ಕಾರ್ಖಾನೆ ಕಾಯಿದೆ ಹೆಂಗಸರನ್ನು ಸಾಯಂಕಾಲ ೭ರಿಂದ ಬೆಳಗಿನ ೬ರವರೆಗೆ ದುಡಿಸಬಾರದೆಂದು ವಿಧಿಸಿತ್ತು. ರಕ್ಷಣೆಗೆಂದು ಮಾಡಿದ ಈ ನಿಯಮದಿಂದ, ಮೂರು ಪಾಳಿ ಓಡಿಸುವ ಕಾರ್ಖಾನೆಗಳು ಹೆಣ್ಣುಮಕ್ಕಳನ್ನು ತೆಗೆದುಕೊಳ್ಳುವುದಕ್ಕೇ ಹಿಂಜರಿದವು. ಕರ್ನಾಟಕ ಸರ್ಕಾರ ೨೦೧೯ರ ನವೆಂಬರಿನಲ್ಲಿ, ವಾಹನ ಸೌಕರ್ಯ ಮತ್ತು ಭದ್ರತೆಯ ಷರತ್ತುಗಳೊಡನೆ, ರಾತ್ರಿ ಪಾಳಿಗೆ ಅವಕಾಶ ಕೊಟ್ಟಿತು. ಷರತ್ತುಗಳು ಕಾಗದದಲ್ಲಿ ಚೆನ್ನಾಗಿವೆ. ವಾಹನವು ಮುಖ್ಯರಸ್ತೆಯಲ್ಲಿ ಇಳಿಸಿ ಹೋದ ಮೇಲೆ ಊರಿನೊಳಗಿನ ಒಂದು ಮೈಲಿ ಕತ್ತಲೆಯನ್ನು ಯಾರು ದಾಟಿಸಬೇಕೆಂಬುದು ನಮ್ಮ ಕಡೆಯ ತಾಯಂದಿರ ಪ್ರಶ್ನೆ. ಅದಕ್ಕೆ ಕಾಯಿದೆಯಲ್ಲಿ ಉತ್ತರವಿಲ್ಲ.

ಹಾಗಾದರೆ ಕೆಲಸ ಹುಟ್ಟುವುದೆಲ್ಲಿ? ನನ್ನ ಉತ್ತರ – ಬಾಗಿಲಿನ ಹೊರಗೆ. ತರಗತಿಯಲ್ಲಿ ನಮಗೆ ಗುಣಕ ತತ್ತ್ವವನ್ನು ಪಾಠ ಹೇಳಿದ್ದಾರೆ. ಒಂದು ಕಡೆ ಹೊಸದಾಗಿ ಹಾಕಿದ ಬಂಡವಾಳವು ಕೈಯಿಂದ ಕೈಗೆ ಹರಿದು ಬೇರೆ ಬೇರೆ ಕಡೆ ಉದ್ಯೋಗವನ್ನು ಹುಟ್ಟಿಸುತ್ತದೆಂದು ೧೯೩೧ರಲ್ಲಿ ಆರ್. ಎಫ್. ಕಾನ್ ಎಂಬ ಪಂಡಿತರು ತೋರಿಸಿದರು. ಕೇನ್ಸರು ಅದನ್ನು ಬೆಳೆಸಿದರು. ದೊಡ್ಡ ಕಾರ್ಖಾನೆ ಒಂದು ಸಾವಿರ ಪಂಪನ್ನು ಹೆಚ್ಚಾಗಿ ಮಾಡಿದರೆ ಅದಕ್ಕೆ ಬೇಕಾದ ಬುಷ್ಷು, ಸ್ಪ್ರಿಂಗು, ಬೋಲ್ಟುಗಳೂ ಅಷ್ಟು ಸಾವಿರ ಹೆಚ್ಚಾಗಬೇಕು. ಅವನ್ನು ಕಡೆಯುವವನು, ಹದ ಹಾಕುವವನು, ಡಬ್ಬಕ್ಕೆ ತುಂಬುವವನು, ಟೆಂಪೋ ಓಡಿಸುವವನು, ಟೆಂಪೋ ಚಾಲಕನಿಗೆ ಚಿತ್ರಾನ್ನ ಮಾರುವವಳು – ಎಲ್ಲರಿಗೂ ಅದರ ಪಾಲು ಬರುತ್ತದೆ. ಕಾರು ಕಂಪನಿಗಳು ಈಗ ಭಾಗಗಳನ್ನು ಉಗ್ರಾಣದಲ್ಲಿ ಕೂಡಿಡುವುದಿಲ್ಲ. ಗಂಟೆಯ ಲೆಕ್ಕದಲ್ಲಿ ಬೇಕಾದಷ್ಟನ್ನೇ ತರಿಸಿಕೊಳ್ಳುತ್ತವೆ. ಒಂದು ಭಾಗ ಬರದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಆದುದರಿಂದ ಒದಗಿಸುವವರು ಹತ್ತಿರದಲ್ಲಿಯೇ ನೆಲೆಸಬೇಕಾಗುತ್ತದೆ. ಬಿಡದಿಯಲ್ಲಿ ಕಾರು ಕಾರ್ಖಾನೆಯ ಸುತ್ತ ಬಿಡಿಭಾಗದವರ ಗುಂಪೇ ಬೆಳೆದಿರುವುದು, ಗೇರ್ ಪೆಟ್ಟಿಗೆ ಮಾಡುವ ಟೊಯೋಟ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ೨೦೦೨ರಲ್ಲಿ ಅಲ್ಲಿಯೇ ಸ್ಥಾಪಿತವಾದದ್ದು, ಇವೆಲ್ಲ ಇದರ ಫಲ.

ಇದರಲ್ಲಿ ಸೋರಿಕೆಯೂ ಉಂಟು. ಯಂತ್ರ ಜಪಾನಿನಿಂದಲೋ ಜರ್ಮನಿಯಿಂದಲೋ ಬಂದರೆ ಬಂಡವಾಳದ ಅಷ್ಟು ಪಾಲು ಅಲ್ಲಿಯ ಕೆಲಸಗಾರನ ಮನೆಗೆ ಹೋಯಿತು. ಉಕ್ಕು ಬೇರೆ ರಾಜ್ಯದಿಂದ ಬಂದರೆ ಇನ್ನಷ್ಟು ಪಾಲು ಅಲ್ಲಿಗೆ. ಸ್ಥಳದಲ್ಲಿ ಉಳಿಯುವುದು ಕೂಲಿ, ಬಾಡಿಗೆ, ಸಾಗಾಣಿಕೆ ಮತ್ತು ಚಿಕ್ಕ ಕಾರ್ಯಾಗಾರಗಳಿಗೆ ಕೊಟ್ಟ ಕೆಲಸ. ಅದಕ್ಕೇ ನಾನು ಹೇಳುವುದು – ವಿಸ್ತರಣೆಯ ಸುದ್ದಿ ಓದುವಾಗ ಕೋಟಿಗಳನ್ನು ಎಣಿಸುವುದಕ್ಕಿಂತ, ಅದರಲ್ಲಿ ಎಷ್ಟು ಭಾಗ ಸುತ್ತಲಿನ ಕಾರ್ಯಾಗಾರಗಳಿಗೆ ಆರ್ಡರಾಗಿ ಬರುತ್ತದೆಂದು ಕೇಳುವುದು ಮೇಲು.

ಆ ಹೊರಗಿನ ಕೆಲಸ ಹೇಗಿರುತ್ತದೆಂಬುದು ನನಗೆ ಅಣ್ಣನಿಂದ ತಿಳಿದದ್ದು. ಅವನು ಐ.ಟಿ.ಐ.ಯಲ್ಲಿ ಟರ್ನರ್ ಕಸುಬು ಕಲಿತವನು. ಪೀಣ್ಯದ ಒಂದು ಸಣ್ಣ ಕಾರ್ಯಾಗಾರದಲ್ಲಿ ಸೇರಿದ. ಅಲ್ಲಿ ಮಾಲೀಕರೂ ಸೇರಿ ಹದಿನಾಲ್ಕು ಮಂದಿ. ಅವರು ಮಾಡುತ್ತಿದ್ದುದು ಒಂದೇ ವಸ್ತು, ಹೆಬ್ಬೆರಳಿನಷ್ಟು ಉದ್ದದ ಒಂದು ಉಕ್ಕಿನ ಬುಷ್. ಅದು ಯಾವ ವಾಹನದ ಯಾವ ಭಾಗಕ್ಕೆ ಹೋಗುತ್ತದೆಂದು ಮೊದಲ ವರ್ಷವೆಲ್ಲ ಅವನಿಗೆ ಗೊತ್ತೇ ಇರಲಿಲ್ಲ. ಮಾಲೀಕರು ಒಳ್ಳೆಯವರು, ತಾವೂ ಅಂಗಿ ಮಡಚಿಕೊಂಡು ಯಂತ್ರದ ಮುಂದೆ ನಿಲ್ಲುತ್ತಿದ್ದರು. ಬೇಡಿಕೆ ಇದ್ದ ದಿನಗಳಲ್ಲಿ ಓವರ್‌ಟೈಮು ಸಿಗುತ್ತಿತ್ತು, ಮನೆಗೆ ಹಣ ಬರುತ್ತಿತ್ತು. ನನ್ನ ಹೈಸ್ಕೂಲಿನ ಪುಸ್ತಕಗಳು ಬಂದದ್ದು ಆ ಓವರ್‌ಟೈಮಿನಿಂದಲೇ. ೨೦೧೯ರಲ್ಲಿ ದೇಶದಲ್ಲೆಲ್ಲ ವಾಹನಗಳ ಮಾರಾಟ ಕುಸಿಯಿತು. ಮೊದಲು ಓವರ್‌ಟೈಮು ನಿಂತಿತು, ಆಮೇಲೆ ವಾರಕ್ಕೆ ನಾಲ್ಕು ದಿನದ ಕೆಲಸವಾಯಿತು, ದೀಪಾವಳಿಯ ಹೊತ್ತಿಗೆ ಅಣ್ಣನೂ ಸೇರಿ ನಾಲ್ವರನ್ನು ‘ಹೇಳಿ ಕಳಿಸುತ್ತೇವೆ’ ಎಂದು ಮನೆಗೆ ಕಳಿಸಿದರು. ಯಾರೂ ಯಾರನ್ನೂ ಬೈಯಲಿಲ್ಲ, ಮುಷ್ಕರವಾಗಲಿಲ್ಲ, ಪತ್ರಿಕೆಯಲ್ಲಿ ಬರಲಿಲ್ಲ. ಅಣ್ಣ ಒಂದೂವರೆ ವರ್ಷ ಊರಿನಲ್ಲಿ ರೇಷ್ಮೆಹುಳುವಿಗೆ ಸೊಪ್ಪು ಕತ್ತರಿಸಿಕೊಂಡಿದ್ದು, ಆರ್ಡರು ಬಂದಾಗ ಮತ್ತೆ ಹೋದ. “ಆರ್ಡರ್ ಇದ್ರೆ ನಾವು ಇರ್ತೀವಿ ಕಣಮ್ಮ, ಇಲ್ದಿದ್ರೆ ಹಿಪ್ಪುನೇರಳೆ ತೋಟ ಇದೆಯಲ್ಲ” ಎನ್ನುವುದು ಅವನ ಅರ್ಥಶಾಸ್ತ್ರ. ತೋಟವಿಲ್ಲದವರು ಏನು ಮಾಡಿದರೆಂದು ನಾನು ಕೇಳಿದೆ. ಒಬ್ಬ ಆಟೋ ಓಡಿಸಿದ, ಒಬ್ಬ ಬಿಹಾರದವನು ಊರಿಗೆ ಹೋದವನು ಹಿಂತಿರುಗಲಿಲ್ಲ.

ಇದು ಒಬ್ಬ ಅಣ್ಣನ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಬಿಡಿಭಾಗ ತಯಾರಕರ ಅಖಿಲ ಭಾರತ ಸಂಘವೇ ಆ ವರ್ಷ ಸುಮಾರು ಒಂದು ಲಕ್ಷ ತಾತ್ಕಾಲಿಕ ಕೆಲಸಗಾರರು ಉದ್ಯೋಗ ಕಳೆದುಕೊಂಡರೆಂದು ಹೇಳಿತು. ಇಡೀ ದೇಶದಲ್ಲಿ ಪ್ರತ್ಯಕ್ಷವಾಗಿಯೂ ಪರೋಕ್ಷವಾಗಿಯೂ ೫೦ ಲಕ್ಷ ಜನಕ್ಕೆ ಈ ಉದ್ಯಮದಿಂದ ಜೀವನ ನಡೆಯುತ್ತದೆಂದು ಹೇಳಿದ್ದೂ ಅದೇ ಸಂಘ. ೨೦೨೩-೨೪ರಲ್ಲಿ ಅದರ ವಹಿವಾಟು ೬ ಲಕ್ಷ ಕೋಟಿ ರೂಪಾಯಿಗಳನ್ನು ದಾಟಿತು. ಎರಡೂ ನಿಜವೇ. ಉದ್ಯಮ ಬೆಳೆಯುತ್ತದೆ; ಆದರೆ ಅದು ಉಸಿರಾಡಿದಂತೆಲ್ಲ ಹೊರಗಿನ ಸುತ್ತಿನಲ್ಲಿರುವವರು ಒಳಗೂ ಹೊರಗೂ ಆಗುತ್ತಿರುತ್ತಾರೆ. ದೊಡ್ಡ ಕಾರ್ಖಾನೆಗಳೂ ಈಗ ಕಾಯಂ ನೌಕರರನ್ನು ಕಡಿಮೆ ಮಾಡಿ ಗುತ್ತಿಗೆಯವರನ್ನೂ, ತರಬೇತಿದಾರರನ್ನೂ, ಇಂತಿಷ್ಟು ಅವಧಿಗೆಂದು ಬರೆದುಕೊಟ್ಟವರನ್ನೂ ಸೇರಿಸಿಕೊಂಡೇ ಓಡುತ್ತವೆ. ಅವಧಿ ನೇಮಕವನ್ನು ೨೦೧೮ರಲ್ಲಿ ಕೇಂದ್ರ ಸರ್ಕಾರ ಎಲ್ಲ ಉದ್ಯಮಗಳಿಗೂ ವಿಸ್ತರಿಸಿತು. ಮಾಲೀಕರ ಕಡೆಯ ವಾದವನ್ನೂ ಹೇಳಬೇಕು: ಮಾರುಕಟ್ಟೆ ಏರಿಳಿಯುವಾಗ ಎಲ್ಲರನ್ನೂ ಕಾಯಂ ಮಾಡಿಕೊಂಡರೆ ಕಷ್ಟಕಾಲದಲ್ಲಿ ಕಾರ್ಖಾನೆಯೇ ಮುಚ್ಚಬೇಕಾದೀತು ಎಂದು ಅವರೆನ್ನುತ್ತಾರೆ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ ಏರಿಳಿತದ ಭಾರವೆಲ್ಲ ಅತಿ ಕಡಿಮೆ ಸಂಬಳದವನ ಹೆಗಲಿಗೇ ಬೀಳುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ನಮ್ಮ ಮಿತ್ರರು ಈ ಚರ್ಚೆಯಲ್ಲಿ ತಪ್ಪದೆ ಎತ್ತುವ ಇನ್ನೊಂದು ಪ್ರಶ್ನೆ, ಕನ್ನಡಿಗರಿಗೆ ಎಷ್ಟು ಎಂಬುದು. ಡಾ. ಸರೋಜಿನಿ ಮಹಿಷಿಯವರ ಸಮಿತಿ ೧೯೮೦ರ ದಶಕದಲ್ಲಿಯೇ ಸ್ಥಳೀಯರಿಗೆ ಆದ್ಯತೆ ಕೊಡಬೇಕೆಂದು ಶಿಫಾರಸು ಮಾಡಿತು. ೨೦೨೪ರ ಜುಲೈಯಲ್ಲಿ ರಾಜ್ಯ ಮಂತ್ರಿಮಂಡಲ ಆಡಳಿತ ಹುದ್ದೆಗಳಲ್ಲಿ ನೂರಕ್ಕೆ ೫೦, ಇತರ ಹುದ್ದೆಗಳಲ್ಲಿ ನೂರಕ್ಕೆ ೭೦ ಸ್ಥಳೀಯರಿಗೆ ಮೀಸಲಿಡುವ ಮಸೂದೆಯನ್ನು ಒಪ್ಪಿ, ಎರಡೇ ದಿನಗಳಲ್ಲಿ ತಡೆಹಿಡಿಯಿತು. ನನಗೆ ಈ ಆದ್ಯತೆಯಲ್ಲಿ ಸಹಾನುಭೂತಿಯಿದೆ. ಆದರೆ ದೊಡ್ಡ ಬಾಗಿಲಿನೊಳಗಿನ ಕೆಲವೇ ಕಾಯಂ ಹುದ್ದೆಗಳ ಬಗ್ಗೆ ವಾದಿಸುತ್ತ, ಹೊರಗಿನ ಸಾವಿರಾರು ಗುತ್ತಿಗೆ ಕೆಲಸಗಳ ಷರತ್ತಿನ ಬಗ್ಗೆ ನಾವು ಮೌನವಾಗಿದ್ದೇವೆ. ಬಿಹಾರ ಒಡಿಶಾಗಳಿಂದ ಬಂದ ಹುಡುಗನು ನಮ್ಮವರು ಒಪ್ಪದ ಕೂಲಿಗೆ, ಒಪ್ಪದ ಕೋಣೆಯಲ್ಲಿ ಎಂಟು ಜನರೊಡನೆ ಮಲಗಿ ದುಡಿಯುತ್ತಾನೆ. ಆ ಕೂಲಿ ಸರಿಯಾದರೆ ನಮ್ಮೂರಿನ ಹುಡುಗನೂ ಅಲ್ಲಿಗೆ ಹೋದಾನು. ಆ ಬಿಹಾರದವನೂ ಮನುಷ್ಯನಂತೆ ಬಾಳಿಯಾನು.

ಇನ್ನು ಮುಂದಿನ ಕಾಲದ ಮಾತು. ವಿದ್ಯುತ್ತಿನಿಂದ ಓಡುವ ವಾಹನದಲ್ಲಿ ಸ್ಪಾರ್ಕ್ ಪ್ಲಗ್ಗಿಲ್ಲ, ಡೀಸೆಲ್ ಪಂಪಿಲ್ಲ, ಪಿಸ್ಟನ್ನಿಲ್ಲ, ಹೊಗೆ ಕೊಳವೆಯಿಲ್ಲ. ಅಂದರೆ ಮೇಲೆ ನಾನು ವರ್ಣಿಸಿದ ಕಡ್ಡಿ ಕೊಳವೆಯ ಜೋಡಿಗೆ ಅಲ್ಲಿ ಸ್ಥಾನವೇ ಇಲ್ಲ. ಡೀಸೆಲ್ ಕಾರುಗಳ ಕಾಲ ಈಗಾಗಲೇ ಇಳಿಮುಖವಾಗಿದೆ. ೨೦೨೦ರ ಏಪ್ರಿಲಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಮಾರುತಿ ಕಂಪನಿ ಡೀಸೆಲ್ ಕಾರುಗಳನ್ನೇ ನಿಲ್ಲಿಸಿತು. ಲಾರಿ, ಬಸ್ಸು, ಟ್ರಾಕ್ಟರುಗಳಿಂದ ಪಂಪಿಗೆ ಇನ್ನೂ ಬಹುಕಾಲ ಬೇಡಿಕೆ ಇರುತ್ತದೆ, ನಿಜ. ಆದರೂ ‘ಬೆಳೆಯುವುದು’ ಎಂಬ ಮಾತಿನ ಅರ್ಥ ಬದಲಾಗಿದೆಯೆಂಬುದಕ್ಕೆ ಆಡುಗೋಡಿಯೇ ಸಾಕ್ಷಿ. ಬಾಷ್ ಸಂಸ್ಥೆಯ ಹೊಸ ಕಾರ್ಖಾನೆ ೨೦೧೫ರಲ್ಲಿ ಬಿಡದಿಯಲ್ಲಿ ಆರಂಭವಾಯಿತು. ಆಡುಗೋಡಿಯ ತಯಾರಿಕೆ ಕ್ರಮೇಣ ಅತ್ತ ಸಾಗಿತು. ಸಂಸ್ಥೆ ಭಾರತಕ್ಕೆ ಬಂದ ನೂರನೆಯ ವರ್ಷವಾದ ೨೦೨೨ರ ಜೂನ್ ೩೦ರಂದು ಆಡುಗೋಡಿಯ ಅದೇ ನೆಲದಲ್ಲಿ ಸಂಶೋಧನೆ ಮತ್ತು ತಂತ್ರಾಂಶದ ಹೊಸ ಆವರಣವನ್ನು ಪ್ರಧಾನಮಂತ್ರಿಗಳು ದೂರದಿಂದಲೇ ಉದ್ಘಾಟಿಸಿದರು. ಸುಮಾರು ಹತ್ತು ಸಾವಿರ ಜನ ಕೆಲಸ ಮಾಡಬಹುದಾದ ಆವರಣವೆಂದು ಆಗ ಪ್ರಕಟವಾಯಿತು. ಹತ್ತು ಸಾವಿರ! ಕೇಳುವುದಕ್ಕೆ ಎಷ್ಟು ದೊಡ್ಡ ಸಂಖ್ಯೆ! ಆದರೆ ಅರ ಹಿಡಿದು ಕಬ್ಬಿಣ ಉಜ್ಜಿ ಕಲಿತ ಹುಡುಗನಿಗೂ ಈ ಹೊಸ ಮೇಜಿಗೂ ನಡುವೆ ಎಂಜಿನಿಯರಿಂಗ್ ಪದವಿಯ ಗೋಡೆಯಿದೆ. ಅದೇ ಸ್ಥಳ, ಅದೇ ಸಂಸ್ಥೆ, ಬಹುಶಃ ಮೊದಲಿಗಿಂತ ಹೆಚ್ಚು ಉದ್ಯೋಗ, ಬೇರೆ ಜನ.

ಹಳ್ಳಿಯ ಬಡ ಮಕ್ಕಳಿಗೆ ಈ ಗೋಡೆ ದಾಟಲು ಇರುವ ಮೆಟ್ಟಿಲುಗಳು ಸಾಲವು. ಬಿಡದಿಯಲ್ಲಿ ಟೊಯೋಟ ತಾಂತ್ರಿಕ ತರಬೇತಿ ಸಂಸ್ಥೆ ೨೦೦೭ರಿಂದ ಇಂಥ ಮಕ್ಕಳನ್ನು ಎಸ್.ಎಸ್.ಎಲ್.ಸಿ. ಆದ ಮೇಲೆ ತೆಗೆದುಕೊಂಡು, ಊಟ ವಸತಿ ಕೊಟ್ಟು ಮೂರು ವರ್ಷ ಕಲಿಸುತ್ತ ಬಂದಿದೆ. ಈಚೆಗೆ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆತಿದೆ. ಅಂಥವು ತಾಲ್ಲೂಕಿಗೊಂದಾದರೂ ಇರಬೇಡವೆ? ನಮ್ಮ ತಾಲ್ಲೂಕಿನ ಐ.ಟಿ.ಐ.ಗಳಲ್ಲಿ ಇಂದಿಗೂ ಎಷ್ಟೋ ಕಡೆ ಹುಡುಗರು ಹಳೆಯ ಲೇತಿನ ಸುತ್ತ ಹತ್ತಾರು ಮಂದಿ ನಿಂತು ನೋಡಿ ಕಲಿಯುತ್ತಾರೆ. ಅಣ್ಣ ಸಿ.ಎನ್.ಸಿ. ಯಂತ್ರವನ್ನು ಕಂಡದ್ದೇ ಕೆಲಸಕ್ಕೆ ಸೇರಿದ ದಿನ.

ಕೊನೆಯದಾಗಿ ನಮ್ಮ ವಿಚಾರ. ಕಲಾ ವಿಭಾಗದ ಪದವೀಧರರಿಗೆ ಇಂಥ ಕಾರ್ಖಾನೆಯಲ್ಲಿ ಏನಿದೆ ಎಂದು ಹಲವರು ನಗುತ್ತಾರೆ. ನಾನು ವಿಚಾರಿಸಿದ ಮಟ್ಟಿಗೆ, ಉಗ್ರಾಣದ ಲೆಕ್ಕ, ಮಾಲು ರವಾನೆಯ ಕಾಗದಪತ್ರ, ಕೊಳ್ಳುವ ವಿಭಾಗದ ಪತ್ರವ್ಯವಹಾರ, ಕೆಲಸಗಾರರ ಹಾಜರಿ ಮತ್ತು ಭವಿಷ್ಯನಿಧಿಯ ಲೆಕ್ಕ, ಸುರಕ್ಷತೆಯ ಸೂಚನೆಗಳನ್ನು ಕನ್ನಡದಲ್ಲಿ ಬರೆದು ತಿಳಿಸುವುದು – ಇವೆಲ್ಲ ಕಾರ್ಖಾನೆ ಬೆಳೆದಂತೆ ಬೆಳೆಯುವ ಕೆಲಸಗಳೇ. ಅಪ್ರೆಂಟಿಸ್ ಕಾಯಿದೆಯನ್ನು ೧೯೭೩ರಲ್ಲಿ ಎಂಜ���ನಿಯರಿಂಗ್ ಪದವೀಧರರಿಗೂ, ೨೦೧೪ರ ತಿದ್ದುಪಡಿಯಲ್ಲಿ ಇತರ ಪದವೀಧರರಿಗೂ ವಿಸ್ತರಿಸಿದ್ದಾರೆ. ಅಂದರೆ ಬಿ.ಎ. ಆದವರೂ ಕಾನೂನಿನ ಪ್ರಕಾರ ಅಪ್ರೆಂಟಿಸರಾಗಿ ಸೇರಿ, ಭತ್ಯೆ ಪಡೆಯುತ್ತ ಒಂದು ವರ್ಷ ಕಲಿಯಬಹುದು. ಈ ಸಂಗತಿ ನಮ್ಮ ತರಗತಿಯ ಅರುವತ್ತು ಮಂದಿಯಲ್ಲಿ ಎಷ್ಟು ಜನಕ್ಕೆ ಗೊತ್ತೆಂದು ಕೇಳಿದೆ. ಮೂವರು ಕೈಯೆತ್ತಿದರು; ಆ ಮೂವರಲ್ಲಿ ಇಬ್ಬರಿಗೆ ಗೊತ್ತಿದ್ದುದು ಅವರ ಮನೆಯವರು ಯಾರೋ ಕಾರ್ಖಾನೆಯಲ್ಲಿದ್ದುದರಿಂದ. ನಮ್ಮ ಕಾಲೇಜಿನ ಉದ್ಯೋಗ ಮಾಹಿತಿ ಘಟಕದವರು ಮುಂದಿನ ವರ್ಷದ ಮೊದಲ ತಿಂಗಳಿನಲ್ಲಿಯೇ ಅರ್ಜಿ ತುಂಬುವ ಬಗೆಯನ್ನು ಒಂದು ಮಧ್ಯಾಹ್ನ ತಿಳಿಸಿಕೊಟ್ಟರೆ, ನಮ್ಮ ಕಿರಿಯರು ವಾಚನಾಲಯದಲ್ಲಿ ಆ ಪುಟವನ್ನು ಮುದುಡುವಷ್ಟು ಓದುವ ಬದಲು ಅರ್ಜಿಯನ್ನು ಅಂಚೆಗೋ ಕಂಪ್ಯೂಟರಿಗೋ ಹಾಕುವರು. ಹಾಕುವ ಮೊದಲು, ನೇಮಕದ ಪತ್ರ ಬರೆಯುವವರು ಕಂಪನಿಯವರೋ ಗುತ್ತಿಗೆದಾರರೋ ಎಂಬುದನ್ನು ಮಾತ್ರ ಕೇಳಿ ತಿಳಿದುಕೊಳ್ಳಲಿ.